ದೀಪದ ಕಾವಿಗೆ ಏರಿದ ಸ್ವರ

ನಮ್ಮ ಕಡೆಯ ಜನಕ್ಕೆ ಒಂದು ಅನುಕೂಲವಿದೆ. ಏನು ಕೆಟ್ಟರೂ ಬಿಸಿಲಿನ ಮೇಲೆ ಹಾಕಿಬಿಡಬಹುದು. ಹಾಲು ಒಡೆದರೆ ಬಿಸಿಲು, ಬೀಗರೊಡನೆ ಜಗಳವಾದರೂ ಬಿಸಿಲು. ತೂಕದ ಮೋಸದಲ್ಲಿ ಸಿಕ್ಕಿಬಿದ್ದ ಅಂಗಡಿಯವನು “ಬಿಸಲಿಗೆ ತಲಿ ನಿಲ್ಲವಲ್ದರಿ” ಅನ್ನುತ್ತಾನೆ, ಗಿರಾಕಿಯೂ ಹೌದೆಂದು ತಲೆಯಾಡಿಸುತ್ತಾನೆ. ನಾನೂ ಬಹಳ ವರ್ಷ ಇದೇ ಅನುಕೂಲದಲ್ಲಿ ಬದುಕಿದೆ. ದೇವರ ಹಿಪ್ಪರಗಿಯ ನಮ್ಮ ಮನೆಯ ಹಿಂದಿನ ಕೋಣೆಗೆ ಕಾಲಿಟ್ಟವರು “ಏನ್ರಿ ಯಜಮಾನ್ರ, ಒಳಗ ಭಟ್ಟಿ ಹಚ್ಚೀರೇನು” ಎಂದರೆ, “ಪತ್ರಾಸಿನ ಮನಿ ನೋಡ್ರಿ, ಬಿಸಲು” ಎಂದು ಮೇಲಿನ ತಗಡು ತೋರಿಸುತ್ತಿದ್ದೆ. ಆ ಕಾವು ಬಿಸಿಲಿನದಾಗಿರಲಿಲ್ಲ. ನಾನೇ ತೂಗುಹಾಕಿದ ದೀಪಗಳದಾಗಿತ್ತು. ಅದು ನನಗೆ ಗೊತ್ತಿತ್ತು.

ನನ್ನ ಕೆಲಸ ತಬಲಾ, ಡಗ್ಗಾ, ಢೋಲಕಿಗಳ ದುರಸ್ತಿ. ಹರಿದ ತೊಗಲು ತೆಗೆದು ಹೊಸ ಆಡಿನ ತೊಗಲು ಹೊದಿಸುವುದು, ಸುತ್ತಲಿನ ತೊಗಲಿನ ಪಟ್ಟಿಗಳನ್ನು, ಅಂದರೆ ವಾದಿಗಳನ್ನು, ಎಳೆದು ಬಿಗಿಯುವುದು ನನ್ನ ಪಾಲು. ತಬಲಾದ ನಡುವೆ ಕರಿಯ ವೃತ್ತವೊಂದು ಇರುತ್ತದಲ್ಲ, ಅದಕ್ಕೆ ಶಾಯಿ ಎನ್ನುತ್ತೇವೆ. ಅದನ್ನು ಹಾಕುವುದು ನನ್ನ ಹೆಂಡತಿಯ ಪಾಲು. ಕಬ್ಬಿಣದ ಪುಡಿ, ಮಸಿ, ಬೇಯಿಸಿದ ಹಿಟ್ಟಿನ ಅಂಟು ಕಲಸಿ ತೆಳ್ಳಗೆ ಒಂದು ಪದರು ಸವರಬೇಕು. ನುಣುಪು ಕಲ್ಲಿನಿಂದ ತಿಕ್ಕುತ್ತ ತಿಕ್ಕುತ್ತ ಅದನ್ನು ಒಣಗಿಸಬೇಕು. ಅದರ ಮೇಲೆ ಇನ್ನೊಂದು ಪದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಭಜನಾ ಮಂಡಳಿಯವರು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದುದು ಆಕೆಯ ಶಾಯಿಗಾಗಿ. ನನ್ನ ಬಿಗಿತಕ್ಕಾಗಿ ಬರುತ್ತಾರೆಂದು ನಾನು ತಿಳಿದುಕೊಂಡಿದ್ದೆ.

ಆ ಕೋಣೆಯಲ್ಲಿ ನಾನು ಕಟ್ಟಿದ ದೀಪಗಳ ವಿಷಯ ಹೇಳಬೇಕು. ನಾನು ಕೂಡುವ ಜಾಗದ ಮೇಲೆ ಒಂದು ದೊಡ್ಡ ಬಲ್ಬು, ಆಕೆ ಕೂಡುವ ಜಾಗದ ಮೇಲೆ ಇನ್ನೊಂದು, ಎರಡಕ್ಕೂ ತಗಡಿನ ಟೊಪ್ಪಿಗೆ. ಸಾಲದ್ದಕ್ಕೆ ಶಾಮಿಯಾನದವನು ಮೂಲೆಗೆ ಎಸೆದಿದ್ದ ಎರಡು ಹ್ಯಾಲೋಜನ್ ದೀಪಗಳನ್ನು ತಂದು ಗೋಡೆಗೆ ಜಡಿದಿದ್ದೆ. ಮದುವೆಯ ಊಟದ ಪಂಕ್ತಿಗೆ ಬೆಳಕು ಕೊಡುವ ದೀಪ ಅವು. ಇಬ್ಬರು ಮುದುಕರು ಕೂತು ತೊಗಲು ಕೆರೆಯುವ ಕೋಣೆಗೆ ಯಾಕೆ ಬೇಕು? “ಕಣ್ಣ ಕಾಣಂಗಿಲ್ಲ” ಎಂದು ಎಲ್ಲರಿಗೂ ಹೇಳುತ್ತಿದ್ದೆ. ಬಲ್ಬು ಎಷ್ಟು ಕೆಳಗೆ ಇಳಿದಿತ್ತೆಂದರೆ ಏಳುವಾಗ ತಲೆಗೆ ಬಡಿಯುತ್ತಿತ್ತು. ಆದರೂ ಮೇಲೆ ಕಟ್ಟಲಿಲ್ಲ.

ನಿಜ ಇಷ್ಟೇ. ಕಾವಿಗೆ ತೊಗಲು ಬಿಗಿಯುತ್ತದೆ. ವಾದಿಯನ್ನು ಅರ್ಧ ಎಳೆದು ಬಿಟ್ಟರೂ, ದೀಪದ ಕೆಳಗೆ ಇಟ್ಟ ತಬಲಾ ಟಣ್ಣೆನ್ನುತ್ತದೆ. ಗಿರಾಕಿ ಬರುತ್ತಾನೆ, ಎರಡು ಬೆರಳಿನಿಂದ ಬಡಿಯುತ್ತಾನೆ, ಪಂಡಿತನಂತೆ ಕಣ್ಣು ಮುಚ್ಚುತ್ತಾನೆ, “ಏನ ಸ್ವರ್ರಿ” ಅನ್ನುತ್ತಾನೆ. ಇವರಿಗೆ ಸ್ವರವೆಂದರೇನು ಗೊತ್ತು? ಭಜನೆಯಲ್ಲಿ ಹಾರ್ಮೋನಿಯಂ ಒಂದು ದಾರಿಯಲ್ಲಿ, ಹಾಡುವವನು ಒಂದು ದಾರಿಯಲ್ಲಿ, ತಾಳದವನು ಚಹಾದ ದಾರಿ ನೋಡುತ್ತಿರುತ್ತಾನೆ. ಅಂಥವರಿಗೆ ಪೂರಾ ಕೆಲಸ ಮಾಡಿ ಕೊಡುವ ದಡ್ಡತನ ಯಾಕೆಂದು ನನ್ನ ಲೆಕ್ಕ. ಊರು ಮುಟ್ಟಿದ ಮೇಲೆ ತೊಗಲು ಇಳಿದರೆ “ಹವಾ ಬದಲ ಆತರಿ” ಅನ್ನುತ್ತಿದ್ದೆ. ಒಪ್ಪಿಕೊಳ್ಳುತ್ತಿದ್ದರು. ಅವರನ್ನು ಕಂಡರೆ ನನಗೆ ಆಗುತ್ತಿದ್ದ ತಾತ್ಸಾರಕ್ಕೆ ಇದೂ ಒಂದು ಕಾರಣ. ಇಷ್ಟು ಸುಲಭವಾಗಿ ಮೋಸಹೋಗುವವರನ್ನು ಗೌರವಿಸುವುದು ಹೇಗೆ?

ಈ ಬುದ್ಧಿ ನನಗೆ ಹೊರಗಿನಿಂದ ಬಂದದ್ದಲ್ಲ. ನಾವು ಚಿಕ್ಕವರಿದ್ದಾಗ ತೊಗಲಿನ ಹಲಗೆ ಬಡಿಯುವ ಮೊದಲು ಜೋಳದ ಕಣಿಕೆ, ಹುಲ್ಲು ಗುಡ್ಡೆಹಾಕಿ ಬೆಂಕಿ ಹಚ್ಚಿ, ಅದರ ಮೇಲೆ ಹಲಗೆ ಹಿಡಿದು ಕಾಯಿಸುತ್ತಿದ್ದರು. ಕಾದ ಹಲಗೆ ಊರಾಚೆಗೂ ಕೇಳಿಸುತ್ತಿತ್ತು. ತೊಗಲಿಗೆ ದನಿ ಕೊಡುವುದು ಬೆಂಕಿ ಎಂದು ಅಂದೇ ತಲೆಯಲ್ಲಿ ಕೂತುಬಿಟ್ಟಿತು. ಮೆಟ್ರಿಕ್ ಪಾಸಾದರೂ ಅದು ಏಳಲಿಲ್ಲ. ಹಲಗೆ ಬಡಿಯುವವನು ಬೆಂಕಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು ಬಡಿಯುತ್ತಾನೆ, ತಣಿದರೆ ಮತ್ತೆ ಕಾಯಿಸುತ್ತಾನೆ, ಯಾರಿಂದಲೂ ಮುಚ್ಚಿಡುವುದಿಲ್ಲ. ನಾನು ಅದೇ ಬೆಂಕಿಯನ್ನು ಬಲ್ಬಿನೊಳಗೆ ಹಾಕಿ ಬೆಳಕು ಎಂದು ಹೆಸರಿಟ್ಟೆ.

ಆ ದೀಪದ ಕೆಳಗೆ ಶಾಯಿ ಏನಾಗುತ್ತದೆ? ಮೇಲಿನ ಪದರು ಕ್ಷಣದಲ್ಲಿ ಒಣಗಿ ಹಪ್ಪಳವಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಎರಡೂ ಒಂದಾಗುವುದಿಲ್ಲ. ಬಟ್ಟಲಲ್ಲಿ ಕಲಸಿದ ಅಂಟೂ ಗಟ್ಟಿಯಾಗುತ್ತದೆ. ಆಕೆ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕೂಡುತ್ತಿದ್ದಳು. ಬಟ್ಟೆ ಒಣಗಿದರೆ ಎದ್ದು ಹೋಗಿ ತೋಯಿಸಿಕೊಂಡು ಬರುತ್ತಿದ್ದಳು. ಕುತ್ತಿಗೆ, ಬೆನ್ನು ತುಂಬ ಬೆವರುಗುಳ್ಳೆ.

“ಆ ದೀಪ ಒಂದೀಟು ಮ್ಯಾಲ ಕಟ್ರಿ.”

“ಮ್ಯಾಲ ಕಟ್ಟಿದ್ರ ನಿನಗ ಕಾಣತೈತೇನು?”

“ನನಗ ದೀಪ ಇರಲಿಲ್ಲಂದ್ರೂ ಕಾಣತೈತಿ. ಬೆರಳಿಗೆ ಕಾಣತೈತಿ.”

“ಹಂಗಾರ ಕಣ್ಣ ಮುಚ್ಚಿಕೊಂಡು ಮಾಡು. ಕಾವು ಹತ್ತಂಗಿಲ್ಲ.”

ಇಂಥ ಮಾತು ಆಡಿ ನಾನೊಬ್ಬನೇ ನಗುತ್ತಿದ್ದೆ.

ಒಂದು ಸಲ ಆಕೆಗೆ ಜ್ವರ ಬಂದು ಇಳಿದಿತ್ತು. ಹಿಂದಿನ ಕೋಣೆಗೆ ಬರುವಷ್ಟು ಶಕ್ತಿ ಇರಲಿಲ್ಲ. ಪಡಸಾಲೆಯ ಬಾಗಿಲ ಬಳಿ, ಹೊರಗಿನ ಬೆಳಕಿನಲ್ಲಿ ಚಾಪೆ ಹಾಕಿಕೊಂಡು ಕೂತು ಶಾಯಿ ಹಾಕಿದಳು. ಆ ವಾರ ಹೋದ ತಬಲಾಗಳಲ್ಲಿ ಒಂದೂ ವಾಪಸು ಬರಲಿಲ್ಲ. ಕೋಣೆಯಿಂದ ಹೋದವು ಮಾತ್ರ ಬರುತ್ತಲೇ ಇದ್ದವು, ಶಾಯಿ ಚಕ್ಕೆ ಚಕ್ಕೆಯಾಗಿ ಎದ್ದು. ನಾನು ಅದನ್ನು ನೋಡಿದೆ, ಅರ್ಥವಾಯಿತು, ಬಾಯಿ ಬಿಡಲಿಲ್ಲ. ಗುಣವಾದ ಕೂಡಲೇ “ಪಡಸಾಲ್ಯಾಗ ಮಸಿ ಬೀಳತೈತಿ, ಒಳಗ ನಡಿ” ಎಂದು ಆಕೆಯನ್ನು ಮತ್ತೆ ಬಲ್ಬಿನ ಕೆಳಗೆ ಕೂಡಿಸಿದೆ. ದೀಪ ತೆಗೆದರೆ ನನ್ನ ಅರ್ಧ ಎಳೆದ ವಾದಿಗಳ ಬಣ್ಣ ಬಯಲಾಗುತ್ತಿತ್ತು.

ಹೋದ ವರ್ಷದ ಬೇಸಿಗೆಯಲ್ಲಿ ಮುದ್ದೇಬಿಹಾಳ ಕಡೆಯ ಒಬ್ಬ ಭಜನಾ ಮಾಸ್ತರ ಬಂದ. ಮೀಸೆಗೆ ಕರಿಬಣ್ಣ, ಹೆಗಲಿಗೆ ಜರಿಯ ಶಲ್ಯ. ಜೊತೆಗೆ ಅವನು ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನುವ ಇಬ್ಬರು. ಚೀಲದಿಂದ ತಬಲಾ ತೆಗೆದು ನನ್ನ ಮುಂದೆ ಬೋರಲು ಹಿಡಿದ. ಶಾಯಿ ಕರಿಯ ಹೊಟ್ಟಿನಂತೆ ನೆಲಕ್ಕೆ ಉದುರಿತು.

“ಇದೇನ್ರಿ ಯಜಮಾನ್ರ? ಶಾಯಿ ಹಾಕೀರೋ, ಒಗ್ಗರಣಿ ಹಾಕೀರೋ?”

ಇಬ್ಬರೂ ನಕ್ಕರು. ಹೆಂಡತಿ ಅಲ್ಲೇ ಕೂತಿದ್ದಳು, ತಲೆಯ ಮೇಲೆ ಒದ್ದೆ ಬಟ್ಟೆ. ನಾನು ಅವಳ ಕಡೆ ಗದ್ದ ಎತ್ತಿ ತೋರಿಸಿ ಹೇಳಿದೆ:

“ನಾ ಏನ್ ಮಾಡ್ಲಿರಿ, ಇಕಿ ಕೈ ಸತ್ತೈತಿ. ವಯಸ್ಸಾತು. ಹೇಳಿದ್ರ ಕೇಳಂಗಿಲ್ಲ.”

ಮಾಸ್ತರ ದೊಡ್ಡ ಮನಸ್ಸು ಮಾಡಿದವನಂತೆ “ಇರ್ಲಿ ಬಿಡ್ರಿ, ಹೆಣ್ಮಕ್ಕಳ ಕೆಲಸ” ಎಂದ. ಆಕೆ ಹಚ್ಚುತ್ತಿದ್ದ ಪದರನ್ನು ಮುಗಿಸಿದಳು. ಕೈ ತೊಳೆದುಕೊಂಡಳು. ಅವರಿಗೆ ಚಹಾ ಮಾಡಿ ಕೊಟ್ಟಳು. ಅವರು ಹೋದ ಮೇಲೆ ನನ್ನ ಮುಂದೆ ನಿಂತು ಹೇಳಿದ್ದು ಇಷ್ಟೇ:

“ಸತ್ತ ಕೈಲೆ ಇನ್ನ ನಾ ಶಾಯಿ ಹಾಕಂಗಿಲ್ಲ. ಈ ಖೋಲ್ಯಾಗ ಕಾಲೂ ಇಡಂಗಿಲ್ಲ.”

ಗೊಳಸಂಗಿಯ ತವರಿಗೆ ಹೋಗುತ್ತಾಳೆಂದುಕೊಂಡೆ. ಹೋಗಿದ್ದರೆ ನಾಲ್ಕು ದಿನದಲ್ಲಿ ಆಕೆಯ ಅಣ್ಣ ಕರೆತಂದು ಬಿಡುತ್ತಿದ್ದ, ಮಾತು ಮುಗಿಯುತ್ತಿತ್ತು. ಆಕೆ ಹೋಗಲಿಲ್ಲ. ರೊಟ್ಟಿ ಬಡಿದಳು, ಬಡಿಸಿದಳು, ಬೇಕಾದ್ದಕ್ಕೆ ಮಾತಾಡಿದಳು. ಹಿಂದಿನ ಕೋಣೆಯ ಹೊಸ್ತಿಲು ಮಾತ್ರ ದಾಟಲಿಲ್ಲ. ನಾನು ಒಳಗಿಂದ ನೀರು ಕೇಳಿದರೆ ತಂಬಿಗೆಯನ್ನು ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಿದ್ದಳು.

ಶಾಯಿ ಹಾಕುವುದೇನು ಮಹಾ ಎಂದು ನಾನೇ ಕೂತೆ. ನಾನು ಹಾಕಿದ ಶಾಯಿ ಸಗಣಿ ಸಾರಿಸಿದಂತೆ ಬಂತು. ಬಡಿದರೆ ಗಡಿಗೆಯ ಸದ್ದು. ಮಳೆಗಾಲಕ್ಕೆ ಮೊದಲು ಎಲ್ಲ ಊರುಗಳ ವಾದ್ಯಗಳೂ ಬಂದು ಸಾಲಾಗಿ ಕೂತಿದ್ದವು. ಆಕೆ ಮರಳಿ ಒಳಗೆ ಬಂದು ಕೂಡದಿದ್ದರೆ ಆ ಕೋಣೆಗೆ ಬೀಗ ಹಾಕುವುದೊಂದೇ ಉಳಿದದ್ದು. ಅದು ನನಗೂ ಗೊತ್ತು, ಆಕೆಗೂ ಗೊತ್ತು.

ಆಗ ನಾನು ಮಾಡಿದ ಕೆಲಸಗಳನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಕೋಣೆಯನ್ನು ತಂಪು ಮಾಡಿದರೆ ಬಂದಾಳು ಎಂದುಕೊಂಡೆ. ಪತ್ರಾಸಿನ ಮೇಲೆ ಜೋಳದ ಕಣಿಕೆ ಹಾಸಿದೆ, ಅದರ ಮೇಲೆ ಸುಣ್ಣದ ನೀರು ಉಗ್ಗಿದೆ. ಕಿಟಕಿಗೆ ಗೋಣಿಚೀಲ ಕಟ್ಟಿ ದಿನವಿಡೀ ನೀರು ಹೊಡೆದೆ. ಟೇಬಲ್ ಫ್ಯಾನ್ ಇಟ್ಟೆ. ಮಸಿಯ ಪುಡಿ ಹಾರಿ ನನ್ನ ಮುಖಕ್ಕೇ ಬಂತು. ಇಷ್ಟೆಲ್ಲ ಮಾಡಿ ನಾಲ್ಕೂ ದೀಪಗಳನ್ನು ಹಚ್ಚಿಕೊಂಡು ನಡುವೆ ಕೂತೆ. ಒಲೆಯ ಮೇಲಿನ ಗಡಿಗೆಗೆ ಹೊರಗಿನಿಂದ ಬೀಸಣಿಕೆ ಬೀಸಿದ ಹಾಗೆ.

ಇಂಡಿಗೆ ಕೊಟ್ಟ ಮಗಳು ಫೋನು ಮಾಡಿದಳು. ತಾಯಿ ಹೇಳಿರಬೇಕು.

“ಅಪ್ಪಾ, ಆ ಲೈಟ್ ತಗದ ಒಗಿ. ಎಲ್‌ಇಡಿ ಹಾಕಿಸು.”

“ಅದರ ಬೆಳಕು ಹೆಣದ ಮುಖದಂಗ ಇರತೈತಿ.”

“ಅವ್ವನ ಮುಖ ನೋಡಿಯೇನು ನೀ? ಹುರದ ಶೇಂಗಾ ಆಗೈತಿ. ನೀ ತಬಲಾ ಕಾಯಿಸಾಕತ್ತೀಯೋ, ಅವ್ವನ್ನ ಕಾಯಿಸಾಕತ್ತೀಯೋ?”

ಕಾಯಿಸುವುದು ಎಂಬ ಮಾತು ಅವಳ ಬಾಯಿಂದ ಸುಮ್ಮನೆ ಬಂದಿತ್ತು. ನನಗೆ ಮಾತ್ರ ಕುಂಬಳಕಾಯಿ ಕಳ್ಳನ ಹೆಗಲು ಮುಟ್ಟಿದಂತಾಯಿತು. ಫೋನು ಇಟ್ಟುಬಿಟ್ಟೆ.

ಮೊದಲ ಮಳೆ ಬಿದ್ದು ಹವೆ ಒದ್ದೆಯಾಗಿದ್ದ ಒಂದು ಮಧ್ಯಾಹ್ನ ಬಾಗೇವಾಡಿ ಕಡೆಯ ಹಿರಿಯರೊಬ್ಬರು ಢೋಲಕಿ ಒಯ್ಯಲು ಬಂದರು. ಢೋಲಕಿಗೆ ಆಕೆಯ ಶಾಯಿ ಬೇಕಿರಲಿಲ್ಲ, ಎಲ್ಲ ನನ್ನದೇ ಕೆಲಸ. ದೀಪದ ಕೆಳಗಿಂದ ತೆಗೆದು ಕೊಟ್ಟೆ. ಬಡಿದು ನೋಡಿ ಸಂತೋಷಪಟ್ಟರು. ಚಹಾ ಬರುವಷ್ಟರಲ್ಲಿ ಕರೆಂಟು ಹೋಯಿತು. ಚಹಾ ಕುಡಿದರು, ಬೆಳೆಯ ಮಾತು ಆಡಿದರು, ಅಳಿಯನನ್ನು ಬೈದರು. ಕರೆಂಟು ಬರಲಿಲ್ಲ. ಕಿಟಕಿಯ ಗೋಣಿಚೀಲಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಏಳುವ ಮುನ್ನ ಹಿರಿಯರು ಮತ್ತೊಮ್ಮೆ ಢೋಲಕಿ ಬಡಿದರು. ಬೊದ್ದೆಂದಿತು. ತಿರುಗಿಸಿ ಇನ್ನೊಂದು ಕಡೆ ಬಡಿದರು.

“ಏನ್ರಿ ಇದು? ಈಗರೆ ಹಾಡಾಕತ್ತಿತ್ತು, ಈಗ ಕೆಮ್ಮಾಕತ್ತೈತಲ್ಲ.”

“ಹವಾರಿ, ಮಳಿ ಹವಾ.”

“ಹವಾ ಆಗಲೂ ಇತ್ತಲ್ರಿ.” ಅವರು ತೂಗಾಡುತ್ತಿದ್ದ ಬಲ್ಬಿನ ಟೊಪ್ಪಿಗೆ ಮುಟ್ಟಿ ಕೈ ಹಿಂದೆ ತೆಗೆದುಕೊಂಡರು. ಅದಿನ್ನೂ ಕಾದಿತ್ತು. ಬಲ್ಬನ್ನೊಮ್ಮೆ, ಢೋಲಕಿಯನ್ನೊಮ್ಮೆ ನೋಡಿದರು. “ಓಹೋ. ಭಜನಿಗೆ ನಿಮ್ಮ ದೀಪಾನೂ ಹೊತ್ಕೊಂಡು ಹೋಗ್ಬೇಕೇನ್ರಿ ನಾವು? ಹಂಗಿದ್ರ ಹೇಳ್ರಿ, ಗಾಡಿ ತರ್ತೇನಿ.”

ಅಡುಗೆಮನೆಯಲ್ಲಿ ಹೆಂಡತಿ ನಕ್ಕದ್ದು ಕೇಳಿಸಿತು. ಎಷ್ಟೋ ದಿನದ ಮೇಲೆ ಆಕೆ ನಕ್ಕದ್ದು, ನನ್ನ ಮರ್ಯಾದೆ ಹೋಗುವಾಗ. ಆ ಹಿರಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಯಾರಿಗೂ ಕಿವಿಯಿಲ್ಲವೆಂದು ನಂಬಿ ಬದುಕಿದವನ ಕಿವಿಗೆ ಅವರ ಮಾತು ಸರಿಯಾಗಿಯೇ ಬಿತ್ತು. ಢೋಲಕಿ ಇಟ್ಟುಕೊಂಡು ಮುಂದಿನ ಸಂತೆಗೆ ಬನ್ನಿ ಎಂದೆ.

ಮರುದಿನ ನಾಲ್ಕೂ ದೀಪ ಬಿಚ್ಚಿದೆ. ಸಿಂದಗಿಗೆ ಹೋಗಿ ಎಲ್‌ಇಡಿ ಟ್ಯೂಬು ತಂದೆ. ಅಂಗಡಿಯವನು “ಇದರಾಗ ಕಾವ ಅನ್ನೂದ ಇಲ್ರಿ, ಬೆಣ್ಣಿ ಇಟ್ರೂ ಕರಗಂಗಿಲ್ಲ” ಎಂದು ಭಾಷಣ ಮಾಡಿದ. ಹಚ್ಚಿಸಿ ಬೆನ್ನ ಕಡೆ ಬೆರಳಿಟ್ಟೆ. ಕಾವಿತ್ತು. ಬೆಣ್ಣೆ ಖಂಡಿತ ಕರಗುತ್ತಿತ್ತು. ಮಾರುವವರ ಬಾಯಿ ಎಲ್ಲ ಊರಲ್ಲೂ ಒಂದೇ. ಆದರೆ ಅದರ ಕಾವು ಬೆನ್ನಿಗೇ ಉಳಿಯುತ್ತದೆ, ಕೆಲಸದ ಮೇಲೆ ಸುರಿಯುವುದಿಲ್ಲ. ಹಾಗಾಗಿ ಟ್ಯೂಬನ್ನು ತಲೆಯ ಮೇಲೆ ಕಟ್ಟದೆ ಮಗ್ಗುಲ ಗೋಡೆಗೆ, ಹಿಂದೆ ಗಾಳಿ ಆಡುವಂತೆ ಕಟ್ಟಿಗೆಯ ತುಂಡು ಕೊಟ್ಟು ಹಾಕಿದೆ. ಮಸಿ ಹಿಡಿದಿದ್ದ ಗೋಡೆಗಳಿಗೆ ಸುಣ್ಣ ಬಳಿದೆ. ಅರ್ಧ ಬೆಳಕು ಆ ಗೋಡೆಗಳೇ ಕುಡಿದುಬಿಡುತ್ತಿದ್ದವು. ಗೋಣಿಚೀಲ ಕಿತ್ತು ಕಿಟಕಿ ತೆಗೆದೆ. ಬೆಳಕು ಓರೆಯಾಗಿ ಬಂದಾಗ ತೊಗಲಿನ ಸಣ್ಣ ಏರಿಳಿತವೂ ನೆರಳು ಬಿಟ್ಟು ಕಾಣಿಸಿತು. ತಲೆಯ ಮೇಲೆ ಅಷ್ಟು ದೊಡ್ಡ ಬಲ್ಬು ಉರಿಸಿದಾಗ ಅದು ಎಂದೂ ಕಂಡಿರಲಿಲ್ಲ. ಕೋಣೆ ಒಂದೇ ದಿನದಲ್ಲಿ ಮನುಷ್ಯರು ಕೂಡುವ ಹಾಗಾಯಿತು. ಇಷ್ಟು ಸಣ್ಣ ಕೆಲಸ ಅದು.

ತಣ್ಣಗಿನ ಕೋಣೆಯಲ್ಲಿ ಢೋಲಕಿಯ ಮುಂದೆ ಕೂತಾಗ ನನ್ನ ಬಿಗಿತದ ಯೋಗ್ಯತೆ ತಿಳಿಯಿತು. ಎಳೆದರೆ ತೋಳು ನಡುಗುತ್ತದೆ, ಸ್ವರ ಏರುವುದಿಲ್ಲ. ವರ್ಷಗಟ್ಟಲೆ ನನ್ನ ತೋಳಿನ ಕೆಲಸ ಬಲ್ಬು ಮಾಡಿತ್ತು. ಕಾಲು ಕೊಟ್ಟು, ಹಲ್ಲು ಕಚ್ಚಿ, ನಿಂತು ನಿಂತು ಎಳೆದೆ. ಆ ಢೋಲಕಿಯೊಂದಕ್ಕೇ ಎರಡು ದಿನ ಹಿಡಿಯಿತು.

ಹೆಂಡತಿಯನ್ನು ಕರೆದೆ. “ದೀಪ ತಗದೇನಿ. ಬಾ, ನೋಡು.”

ಹೊಸ್ತಿಲ ಹೊರಗೇ ನಿಂತಳು. “ಕಾಣಾಕತ್ತೈತಿ.”

“ಶಾಯಿ ಕೆಟ್ಟಿದ್ದು ದೀಪದಿಂದ, ನಿನ್ನ ಕೈಯಿಂದಲ್ಲ.”

“ಯಾವಾಗ ಗೊತ್ತಾತು?”

ಹೊಸದಾಗಿ ಗೊತ್ತಾಯಿತೆಂದು ಹೇಳಬಹುದಿತ್ತು. ಬಾಯಿಗೆ ಅದೇ ಬಂದಿತ್ತು ಕೂಡ. “ನಿನಗ ಜ್ವರ ಬಂದಾಗ” ಎಂದೆ. “ಪಡಸಾಲ್ಯಾಗ ಹಾಕಿದ್ದು ಒಂದೂ ಕೆಡಲಿಲ್ಲ.”

ಆಕೆ ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು. ಆ ಜ್ವರದ ನಂತರ ಎಷ್ಟು ಬೇಸಿಗೆಗಳು ಕಳೆದಿವೆ ಎಂದು ಎಣಿಸುತ್ತಿದ್ದಳೇನೋ.

“ನನ್ನ ಮುಂದ ಹೇಳಿದ್ರ ಏನ ಬಂತು? ನನಗ ಗೊತ್ತಿದ್ದದ್ದ ಐತಿ. ನಾಕ ಮಂದ್ಯಾಗ ಆಡಿದ ಮಾತು ನಾಕ ಮಂದ್ಯಾಗ ಹಿಂದ ತಗೋರಿ. ಆಮ್ಯಾಲ ನೋಡೂಣು.”

ಮುದ್ದೇಬಿಹಾಳದ ಬಸ್ಸು ಹತ್ತಿದೆ. ಅಲ್ಲಿಂದ ಮಾಸ್ತರನ ಹಳ್ಳಿಗೆ ಟಂಟಂ ಆಟೋ. ಮಾಸ್ತರ ಗುಡಿಯ ಕಟ್ಟೆಯ ಮೇಲೆ ಅದೇ ಹ್ಞೂಂ ಅನ್ನುವವರ ನಡುವೆ ಕೂತಿದ್ದ. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತು ಅವನ ಮೀಸೆ ನೋಡುತ್ತಲೇ ಅರ್ಧ ಮರೆತುಹೋಯಿತು. ಆದರೂ ನಿಂತುಕೊಂಡು ಹೇಳಿದೆ:

“ನಿಮ್ಮ ತಬಲಾದ ಶಾಯಿ ಕೆಟ್ಟಿದ್ದು ನನ್ನಿಂದ. ದೀಪದ ಕೆಳಗ ಇಟ್ಟು ತೊಗಲ ಕಾಯಿಸ್ತಿದ್ದೆ. ನಮ್ಮಾಕಿ ಕೈ ಸತ್ತೈತಿ ಅಂದಿದ್ದೆ. ಅದು ಸುಳ್ಳು.”

ಮಾಸ್ತರ ಪಕ್ಕದವರ ಮುಖ ನೋಡಿದ. “ಯಾವಾಗ ಅಂದಿದ್ರಿ? ನನಗ ನೆನಪ ಇಲ್ಲ ಬಿಡ್ರಿ.” ಆಮೇಲೆ ನಕ್ಕ. “ಇಷ್ಟ ಹೇಳಾಕ ಬಸ್ ಹತ್ತಿ ಬಂದ್ರೇನು? ನಾ ಎಲ್ಲೋ ಚಂದಾ ಪಟ್ಟಿ ಎತ್ತಾಕ ಬಂದಾರ ಅನ್ಕೊಂಡು ಎದಿ ಒಡಕೊಂಡಿದ್ದೆ.”

ಕಟ್ಟೆಯೆಲ್ಲ ನಕ್ಕಿತು. ಯಾವ ಮಾತಿನಿಂದ ನನ್ನ ಮನೆಯ ಕೋಣೆ ಬಾಗಿಲು ಹಾಕುವ ಗತಿಗೆ ಬಂದಿತ್ತೋ, ಅದು ಈ ಮನುಷ್ಯನ ತಲೆಯಲ್ಲಿ ಒಂದು ಚಹಾ ಮುಗಿಯುವವರೆಗೂ ನಿಂತಿರಲಿಲ್ಲ. ಇವನನ್ನು ಮೆಚ್ಚಿಸಲು ನಾನು ಆ ಮಾತು ಆಡಿದ್ದೆ. ಅವನ ಮೇಲಿನ ತಾತ್ಸಾರ ಅಲ್ಲೇ ಕಟ್ಟೆಯ ಮುಂದೆ ನನ್ನ ಕಡೆ ತಿರುಗಿತು. ಇನ್ನೂ ಹಾಗೆಯೇ ಇದೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು.

“ಹೇಳಿದ್ರೇನು?”

“ಹೇಳಿದೆ. ಐದಾರು ಮಂದಿ ಇದ್ರು.”

“ಏನಂದ್ರು?”

“ನೆನಪಿಲ್ಲಂದ. ನಕ್ಕರು.”

“ನೀವೇನ ಮಾಡಿದ್ರಿ?”

“ನಿಂತೆ.”

ಆಕೆ ಮೊರ ಕೆಳಗಿಟ್ಟಳು. ಉಂಡ ಮೇಲೆ ಕೋಣೆಗೆ ಹೋಗಿ ನನ್ನ ಮಣೆಯನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿದಳು. ಕಿಟಕಿಯ ಮುಂದೆ, ಇಷ್ಟು ವರ್ಷ ನಾನು ಕೂತಿದ್ದ ಜಾಗದಲ್ಲಿ ತನ್ನ ಚಾಪೆ ಹಾಸಿ ಶಾಯಿಯ ಬಟ್ಟಲು ಇಟ್ಟುಕೊಂಡಳು.

ಈಗ ಗಿರಾಕಿ ಬಂದರೆ ನನ್ನ ಕೈಯಿಂದ ವಾದ್ಯ ನೇರವಾಗಿ ಅವರ ಕೈಗೆ ಹೋಗುವುದಿಲ್ಲ. ಮೊದಲು ಆಕೆ ಇಸಿದುಕೊಳ್ಳುತ್ತಾಳೆ. ಒಮ್ಮೆ ಬಡಿಯುತ್ತಾಳೆ, ಅಂಗಳದ ಗಾಳಿಯಲ್ಲಿ ಇಡುತ್ತಾಳೆ, ಅವರಿಗೆ ಚಹಾ ಕೊಡುತ್ತಾಳೆ, ಮತ್ತೆ ಬಡಿಯುತ್ತಾಳೆ. ಸ್ವರ ಇಳಿದಿದ್ದರೆ ಅವರ ಎದುರಿಗೇ ನನ್ನ ಮುಂದೆ ತಂದಿಡುತ್ತಾಳೆ.

“ಇದು ಆಗಿಲ್ಲ. ಇನ್ನೊಮ್ಮಿ ಎಳೀರಿ.”

ಗಿರಾಕಿಗಳು ಗೊಣಗುತ್ತಾರೆ. ಬಸ್ಸು ತಪ್ಪುತ್ತದೆ ಅನ್ನುತ್ತಾರೆ. ಕೆಲವರು ಬೇಸತ್ತು ಸೊಲ್ಲಾಪುರದ ಕಡೆ ಹೋದರು. ಹೋಗಲಿ. ಕಾಯುವವರು ನಮ್ಮ ಅಂಗಳದ ಕಟ್ಟೆಯ ಮೇಲೆ ಕೂತು, ಈ ಮುದುಕ ಹಲ್ಲು ಕಚ್ಚಿ ವಾದಿ ಎಳೆಯುವುದನ್ನು ನೋಡುತ್ತಾರೆ. ಹೆಂಡತಿಯ ಮಾತಿಗೆ ಕುಣಿಯುತ್ತಾನೆಂದು ಅವರಲ್ಲಿ ಯಾರಾದರೂ ಒಬ್ಬ ಕಣ್ಣು ಹೊಡೆಯುತ್ತಾನೆ. ನನಗೆ ಅದು ಕಾಣುತ್ತದೆ. ತಲೆ ಎತ್ತದೆ ಎಳೆಯುತ್ತೇನೆ.